ಬಾಲ ನೋಡಿ ಬಸ್ಸು ಹತ್ತಿದವರು

ನಮ್ಮಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಬೆಂಗಳೂರಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಮೆಜೆಸ್ಟಿಕ್ಕಿನ ಆ ಜನಜಂಗುಳಿಯಲ್ಲಿ ನಮ್ಮೂರಿನ ಬಸ್ಸನ್ನು ಹೇಗೆ ಗುರುತು ಹಿಡಿಯುತ್ತೀಯಮ್ಮ ಎಂದು ಕೇಳಿದರೆ, "ಬೋರ್ಡು ಉದ್ದಕ್ಕಿರ್ತದೆ, ಕೆಳಗಡೆ ಎರಡು ಕಡೆ ಗಂಟು ಬಿದ್ದಿರ್ತದೆ, ಕೊನೇಲಿ ಹಿಂಗಿರ್ತದೆ" ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದಳು. ಗಂಟು ಎಂದರೆ ದೊಡ್ಡಬಳ್ಳಾಪುರದ ಡಕಾರದ ಒತ್ತು, ಳಕಾರದ ಒತ್ತು. ಎಷ್ಟೋ ವರ್ಷ ಈ ವಿದ್ಯೆ ಅವಳ ಕೈ ಬಿಟ್ಟಿರಲಿಲ್ಲ.

ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಒಂದು ಸಂಜೆ ಅಮ್ಮ ಮನೆಗೆ ಬರಲಿಲ್ಲ. ರಾತ್ರಿಯೆಲ್ಲ ನಾವು ಮಕ್ಕಳು ಜಗುಲಿಯಲ್ಲೇ ಕೂತಿದ್ದೆವು. ಬೆಳಗ್ಗೆ ದೇವನಹಳ್ಳಿ ಕಡೆಯ ಮೊದಲ ಬಸ್ಸಿನಲ್ಲಿ ಬಂದಿಳಿದಳು. ನಡೆದದ್ದಿಷ್ಟು: ಉದ್ದದ ಬೋರ್ಡು, ಕೆಳಗೆ ಎರಡು ಗಂಟು, ಅದೇ ಬಾಲ. ಹತ್ತಿ ಕೂತಿದ್ದಾಳೆ. ಕತ್ತಲಾದ ಮೇಲೆ ಕಂಡಕ್ಟರು ದೇವನಹಳ್ಳಿ ಎಂದು ಕೂಗಿದಾಗ ಗೊತ್ತಾಗಿದೆ, ಅದು ಚಿಕ್ಕಬಳ್ಳಾಪುರದ ಬಸ್ಸು ಎಂದು. ಯಾರೋ ಪುಣ್ಯಾತ್ಗಿತ್ತಿ ಮನೆಗೆ ಕರೆದು ಅನ್ನ ಹಾಕಿ ಮಲಗಿಸಿಕೊಂಡಿದ್ದಾರೆ. "ಬಾಲ ನೋಡಿ ಹತ್ತಿಬಿಟ್ಟೆ ಕಣೆ, ತಲೆ ನೋಡ್ಲಿಲ್ಲ" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಈ ಕತೆ ನನಗೆ ಮತ್ತೆ ನೆನಪಾದದ್ದು ಮೂರು ವರ್ಷದ ಹಿಂದೆ, ನಮ್ಮ ಶಾಲೆಗೆ ಒಂದು ಪೆಟ್ಟಿಗೆ ಬಂದಾಗ. ಸುತ್ತಮುತ್ತ ಕಾರ್ಖಾನೆಗಳಿರುವ ಊರು ನಮ್ಮದು. ವರ್ಷಕ್ಕೊಮ್ಮೆ ಯಾರಾದರೂ ಏನಾದರೂ ದಾನ ಕೊಡುತ್ತಾರೆ. ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಈ ಸಲ ಬಂದದ್ದು 100 ಮಿಂಚುಪಟ್ಟಿಗಳು. ದಪ್ಪ ರಟ್ಟು, ಒಳ್ಳೆಯ ಮುದ್ರಣ, ಒಂದೊಂದರ ಮೇಲೆ ಒಂದೊಂದು ಕನ್ನಡ ಪದ. ಜೊತೆಗೆ ಬಂದ ಹಾಳೆಯಲ್ಲಿ ‘ಸೈಟ್ ವರ್ಡ್ಸ್’ ಎಂದು ಬರೆದು, ದಿನಕ್ಕೆ ಐದು ಪಟ್ಟಿ ತೋರಿಸಬೇಕು, ಮಗು ಬಿಡಿಸಿ ಓದಬಾರದು, ಕಂಡ ಕ್ಷಣ ಹೇಳಬೇಕು ಎಂದು ವಿಧಿಸಿದ್ದರು. ಮೇಲಿನ ಎರಡು ಪಟ್ಟಿ ತೆಗೆದು ನೋಡಿದೆ. ಒಂದು ‘ದೊಡ್ಡ’, ಇನ್ನೊಂದು ‘ಚಿಕ್ಕ’. ಅಮ್ಮ ಮೆಜೆಸ್ಟಿಕ್ಕಿನಲ್ಲಿ ನಿಂತಂತಾಯಿತು.

ಈ ಪದ್ಧತಿಯ ಮೂಲವನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎಡ್ವರ್ಡ್ ವಿಲಿಯಂ ಡೋಲ್ಚ್ ಎಂಬ ಪ್ರಾಧ್ಯಾಪಕರು 1936ರಲ್ಲಿ 220 ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಮಕ್ಕಳ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ‘ದಿ’, ‘ಆಫ್’, ‘ವಾಸ್’, ‘ಸೆಡ್’, ‘ಫ್ರಮ್’ ಮೊದಲಾದವು. ಇವನ್ನು ಮಗು ನೋಡಿದೊಡನೆ ಹೇಳುವಂತಾದರೆ ಉಳಿದ ಓದು ಸಲೀಸು ಎಂಬುದು ಅವರ ಎಣಿಕೆ. ಇಂಗ್ಲಿಷಿನ ಪಾಡಿಗೆ ಅದೊಂದು ತಕ್ಕಮಟ್ಟಿನ ಉಪಾಯವೆಂದೇ ಇಟ್ಟುಕೊಳ್ಳೋಣ. 26 ಅಕ್ಷರ, ನಲವತ್ತಕ್ಕೂ ಮೀರಿದ ಧ್ವನಿ. ಎಸ್, ಎ, ಐ, ಡಿ ಎಂದು ಬರೆದು ‘ಸೆಡ್’ ಎನ್ನುವ ಭಾಷೆಯವರಿಗೆ ಇಂಥದ್ದೇನೋ ಒಂದು ಊರುಗೋಲು ಬೇಕಾಗಿರಬಹುದು. ಗಟ್ಟಿಮುಟ್ಟಾಗಿ ನಡೆಯುವ ಕನ್ನಡದ ಮಗುವಿನ ಕಂಕುಳಿಗೆ ಆ ಊರುಗೋಲನ್ನು ಯಾಕೆ ತುರುಕಬೇಕು ಎಂಬುದೇ ನನ್ನ ಜಗಳ.

ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ನೋಡಿದಾಗ ಗೊತ್ತಾಯಿತು, ಅದು ಡೋಲ್ಚ್ ಪಟ್ಟಿಯ ಅನುವಾದ. ‘ಮತ್ತು’ ಎಂಬ ಪಟ್ಟಿ ಇತ್ತು. ಹೇಳಿ, ನಮ್ಮ ತಾಲ್ಲೂಕಿನಲ್ಲಿ ಯಾವ ಮಗು ಬಾಯಲ್ಲಿ ‘ಮತ್ತು’ ಎನ್ನುತ್ತದೆ? "ಅಮ್ಮನೂ ಅಪ್ಪನೂ ಘಾಟಿ ಜಾತ್ರೆಗೋದ್ರು" ಎನ್ನುತ್ತದೆ. ಇಂಗ್ಲಿಷಿನವರು ಬಿಡಿಯಾಗಿ ಇಡುವ ‘ಆಂಡ್’ ನಮ್ಮಲ್ಲಿ ಪದದ ಕೊನೆಯ ಊಕಾರವಾಗಿ ಅಂಟಿಕೊಂಡಿರುತ್ತದೆ. ‘ಇನ್’ ಎಂಬುದು ನಮಗೆ ಅಲ್ಲಿ, ‘ಟು’ ಎಂಬುದು ಗೆ, ‘ಫ್ರಮ್’ ಎಂಬುದು ಇಂದ. ಎಲ್ಲವೂ ಪದದ ಬಾಲಕ್ಕೆ ಸೇರುವಂಥವು. ‘ದಿ’ ಎಂಬುದಕ್ಕಂತೂ ನಮ್ಮಲ್ಲಿ ಜಾಗವೇ ಇಲ್ಲ. ಆದರೂ ಅನುವಾದಕರು ‘ಇಂದ’ ಎಂದು ಒಂದು ಪಟ್ಟಿಯನ್ನು ಅಚ್ಚು ಹಾಕಿಸಿದ್ದರು. ಒಂದನೆಯ ತರಗತಿಯಲ್ಲಿ ಅದನ್ನು ಎತ್ತಿ ಹಿಡಿದೆ. "ಇಂದ ಅಂದ್ರೇನ್ ಮಿಸ್?" ಎಂದು ಒಬ್ಬಳು ಕೇಳಿದಳು. ಪಕ್ಕದವನು, "ಗೋವಿಂದದಲ್ಲಿ ಇರ್ತದಲ್ಲ, ಅದು" ಎಂದ. ಅವನ ವ್ಯಾಕರಣವೇ ಪೆಟ್ಟಿಗೆಯವರ ವ್ಯಾಕರಣಕ್ಕಿಂತ ಮೇಲು ಎನಿಸಿತು.

ಇದು ಬರಿಯ ತಮಾಷೆಯ ಮಾತಲ್ಲ. ‘ಮನೆ’ ಎಂಬ ಪಟ್ಟಿಯನ್ನು ಚಿತ್ರದಂತೆ ಗುರುತಿಟ್ಟುಕೊಂಡ ಮಗುವಿಗೆ ಪುಸ್ತಕದಲ್ಲಿ ಸಿಗುವುದು ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು, ಮನೆಯವರಿಗೂ, ಮನೆಗಳಲ್ಲೇ. ‘ಹೋಗು’ ಎಂಬುದು ಕಥೆಯೊಳಗೆ ಹೋದಳು, ಹೋಗಲಿಲ್ಲ, ಹೋಗಬೇಕಾಗಿತ್ತು, ಹೋದರೂ ಎಂದಾಗಿರುತ್ತದೆ. ಎಷ್ಟು ಪಟ್ಟಿ ಮಾಡಿಸುತ್ತೀರಿ? ಇನ್ನು ಅಕ್ಷರಗಳ ಆಕಾರ ನೋಡಿ. ಮಕಾರಕ್ಕೂ ವಕಾರಕ್ಕೂ ಒಂದು ಕೊಂಡಿಯಷ್ಟೇ ಭೇದ. ದಕಾರಕ್ಕೂ ಡಕಾರಕ್ಕೂ ಇನ್ನೂ ಕಡಿಮೆ. ಮರ, ವರ ಎರಡನ್ನೂ ದೂರದಿಂದ ಒಂದು ಕ್ಷಣ ತೋರಿಸಿ ಮುಚ್ಚಿಟ್ಟರೆ ನನಗೇ ಕನ್ನಡಕ ಬೇಕು. ಒಂದೊಂದು ಅಕ್ಷರವನ್ನೂ ಮುಟ್ಟಿ ದಾಟಿ ಹೋಗುವವನಿಗೆ ಮಾತ್ರ ನಮ್ಮ ಲಿಪಿ ಒಲಿಯುತ್ತದೆ.

ಈಗ ಆ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ.

2021ರಲ್ಲಿ ಶಾಲೆಗಳು ಮತ್ತೆ ತೆರೆದಾಗ ನಮ್ಮ ಕಡೆ ಖಾಸಗಿ ಶಾಲೆಗಳಿಂದ ಸರ್ಕಾರಿ ಶಾಲೆಗೆ ಬಂದ ಮಕ್ಕಳು ಬಹಳ. ಮಗ್ಗಗಳು ನಿಂತಿದ್ದವು, ಸೀರೆ ಕೇಳುವವರಿರಲಿಲ್ಲ, ಫೀಸು ಕಟ್ಟುವವರಾರು? ಹಾಗೆ ಮೂರನೆಯ ತರಗತಿಗೆ ಬಂದವನು ಅವನು. ತಂದೆ ವಿದ್ಯುತ್ ಮಗ್ಗದಲ್ಲಿ ಕೂಲಿ, ತಾಯಿ ಮನೆಯಲ್ಲೇ ಕಂಡಿಕೆ ಸುತ್ತುವವಳು. ಆಕೆ ಹುಡುಗನನ್ನು ನನ್ನ ಮುಂದೆ ನಿಲ್ಲಿಸಿ, "ಮಿಸ್ಸೋರೆ, ನಮ್ಮುಡುಗ ಇಂಗ್ಲಿಷ್ ಪಟಪಟ ಅಂತ ಓದ್ತಾನೆ. ನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಸುರಿದಿದೀವಿ. ಇಲ್ಲಿಗ್ ಬಂದು ಅದು ಹಾಳಾಗಬಾರ್ದು ನೋಡಿ" ಎಂದಳು. ಅವಳ ಮುಖದಲ್ಲಿ ಹೆಮ್ಮೆಯೂ ಇತ್ತು, ಸೋತು ಬಂದ ಅವಮಾನವೂ ಇತ್ತು.

ಹುಡುಗ ಓದಿದ. ಚೀಲದಲ್ಲಿ ಹಳೆಯ ಶಾಲೆಯ ಪಟ್ಟಿ ಇತ್ತು, ನೂರೈವತ್ತಕ್ಕೂ ಮೇಲೆ ಪದ. ಬೆರಳಿಟ್ಟರೆ ಸಾಕು, ಹೇಳಿಬಿಡುತ್ತಿದ್ದ. ನನಗೂ ಮೊದಲು ಬೆರಗೇ ಆಯಿತು. ‘ಕ್ಯಾನ್’ ಎಂದ, ‘ರ‍್ಯಾನ್’ ಎಂದ. ನಾನು ಹಲಗೆಯ ಮೇಲೆ ಅದೇ ಎ, ಎನ್ ಇಟ್ಟು ಮುಂದೆ ಪಿ ಬರೆದೆ. ಹುಡುಗ ಬಹಳ ಹೊತ್ತು ನೋಡಿ, ತುಂಬ ವಿನಯದಿಂದ ಹೇಳಿದ: "ಇದು ನಮಗೆ ಕೊಟ್ಟಿಲ್ಲ ಮಿಸ್."

ಕೊಟ್ಟಿಲ್ಲ! ಮೂವತ್ತು ವರ್ಷದ ನೌಕರಿಯಲ್ಲಿ ನನ್ನನ್ನು ಇಷ್ಟು ನೋಯಿಸಿದ ಮಾತು ಇನ್ನೊಂದಿಲ್ಲ. ಆ ಮಗುವಿನ ಲೆಕ್ಕದಲ್ಲಿ ಓದು ಎಂಬುದು ಮೇಲಿನವರು ಎಣಿಸಿ ಹಂಚುವ ಪದಾರ್ಥ. ಪಡಿತರದ ಹಾಗೆ. ಕೊಟ್ಟಷ್ಟು ಉಂಟು, ಕೊಡದಿದ್ದರೆ ಇಲ್ಲ. ತಾನೇ ಬಿಡಿಸಿಕೊಳ್ಳಬಹುದು ಎಂಬ ಸುಳಿವೇ ಅವನಿಗೆ ಸಿಕ್ಕಿರಲಿಲ್ಲ. ‘ವಾಸ್’ ಎಂಬುದನ್ನೂ ‘ಸಾ’ ಎಂಬುದನ್ನೂ ಅದಲುಬದಲು ಮಾಡುತ್ತಿದ್ದ. ಅಕ್ಷರಗಳು ಅವೇ, ತಿರುವು ಮುರುವು. ಎಡದಿಂದ ಬಲಕ್ಕೆ ಧ್ವನಿಗಳನ್ನು ಪೋಣಿಸುತ್ತ ಹೋಗಬೇಕೆಂದು ಯಾರೂ ಹೇಳದಿದ್ದರೆ ಮಗು ಮಾಡುವುದೇನು? ಕನ್ನಡದಲ್ಲಿ ‘ಸರ’ ಎಂದು ಬರೆದೆ. ಅದೂ ಕೊಟ್ಟಿರಲಿಲ್ಲ. ಎಂಟು ವರ್ಷ ತುಂಬಿದ ಹುಡುಗನಿಗೆ ಎರಡು ಭಾಷೆಯಲ್ಲಿಯೂ ಓದು ಬರುತ್ತಿರಲಿಲ್ಲ. ಓದು ಬರುತ್ತದೆಂದು ತಾಯಿ ತಂದೆ ನಂಬಿದ್ದರು. ನಮ್ಮಮ್ಮನಿಗಾದರೂ ತನಗೆ ಓದು ಬಾರದೆಂದು ಗೊತ್ತಿತ್ತು.

ಆ ತಾಯಿಗೆ ಅಂದು ನಾನು ಏನೂ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ ಎನ್ನುವುದೇ ನಿಜ.

ಇಂಗ್ಲಿಷಿನಲ್ಲಿಯೂ ಈ ಪಟ್ಟಿಯನ್ನು ಹೀಗೆ ಕುರುಡಾಗಿ ಗಟ್ಟಿ ಹೊಡೆಸುವುದನ್ನು ಅದರ ತವರಿನಲ್ಲೇ ಪ್ರಶ್ನಿಸಿ ಬಹಳ ಕಾಲವಾಯಿತು. 1955ರಲ್ಲೇ ರುಡಾಲ್ಫ್ ಫ್ಲೆಶ್ ಎಂಬಾತ ಈ ನೋಡಿ-ಹೇಳುವ ಪದ್ಧತಿಯ ಮೇಲೆ ಹರಿಹಾಯ್ದು ಪುಸ್ತಕ ಬರೆದಿದ್ದ. ಲಿನಿಯಾ ಎಹ್ರಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿ ಹೇಳಿದ್ದೆಂದರೆ, ಪದವು ಕಂಡೊಡನೆ ಗುರುತು ಸಿಗುವಂತೆ ಮನಸ್ಸಿನಲ್ಲಿ ನಿಲ್ಲುವುದು ಅದರ ಅಕ್ಷರಕ್ಕೂ ಧ್ವನಿಗೂ ನಂಟು ಬೆಸೆದಾಗಲೇ. ಚಿತ್ರದಂತೆ ನೋಡಿ ನೆನಪಿಟ್ಟುಕೊಂಡಲ್ಲ. ಇಂಗ್ಲೆಂಡಿನಲ್ಲಂತೂ 2012ರಿಂದ ಒಂದನೆಯ ತರಗತಿಯ ಮಕ್ಕಳಿಗೆ ಧ್ವನಿ ಬಿಡಿಸಿ ಓದುವ ಪರೀಕ್ಷೆಯನ್ನೇ ಇಟ್ಟಿದ್ದಾರೆ, ಅದರಲ್ಲಿ ಅರ್ಥವಿಲ್ಲದ ಸುಳ್ಳು ಪದಗಳೂ ಇರುತ್ತವೆ. ಉರು ಹೊಡೆದವರು ಸಿಕ್ಕಿಬೀಳಲಿ ಎಂದು. ಡೋಲ್ಚ್ ಪಟ್ಟಿಯ ‘ಕ್ಯಾನ್’, ‘ರೆಡ್’, ‘ಬಿಗ್’, ‘ಜಂಪ್’ ಇವೆಲ್ಲ ಬಿಡಿಸಿ ಓದಬಹುದಾದ ಪದಗಳೇ. ನಿಜವಾಗಿ ಹಟ ಮಾಡುವಂಥವು ಕೆಲವು ಮಾತ್ರ. ಅಲ್ಲಿಯವರು ಮಡಿಚಿಡುತ್ತಿರುವ ಚಾಪೆಯನ್ನು ನಾವು ಹೊಸದೆಂದು ಹಾಸುತ್ತಿದ್ದೇವೆ. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ನಾನು ಇಂಗ್ಲಿಷಿನ ಶತ್ರುವಲ್ಲ, ಬಡವರ ಮಕ್ಕಳಿಗೆ ಅದು ಬೇಡ ಎನ್ನುವವರ ಜೊತೆಯೂ ನಿಲ್ಲುವವಳಲ್ಲ. ಕಲಿಸುವುದಾದರೆ ಓದಲು ಕಲಿಸಿ ಎನ್ನುತ್ತೇನೆ, ಅಷ್ಟೆ.

ನಮ್ಮ ಮನೆಯ ತೂತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಇಡೀ ತರಗತಿ ರಾಗವಾಗಿ ಕೂಗುವುದನ್ನು ಕೇಳಿ ಸುಖಪಟ್ಟವರಲ್ಲಿ ನಾನೂ ಒಬ್ಬಳು. ನಡುವೆ ಒಂದು ಮಗುವನ್ನು ಎಬ್ಬಿಸಿ ‘ಕೊ’ ತೋರಿಸು ಎಂದರೆ ಮೊದಲಿನಿಂದ ಹಾಡಿಕೊಂಡು ಬರಬೇಕು, ಆಗಲೇ ಸಿಗುವುದು. ಬಿ.ಎಡ್. ಓದುವಾಗ ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿ ಎಂದು ಮೂರಕ್ಕೂ ಗುಣದೋಷಗಳನ್ನು ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ನೌಕರಿಗೆ ಬಂದಾಗ ದೊಡ್ಡ ಮಕ್ಕಳಿಗೆ ಪಾಠ ಮಾಡಲು ಕೊಟ್ಟರು. ಆರನೆಯ ತರಗತಿಯಲ್ಲಿ ಪಾಠ ಓದಿಸಿದರೆ ಅರ್ಧ ಮಕ್ಕಳು ಪಕ್ಕದವರ ತುಟಿ ನೋಡಿ ಓದುತ್ತಿದ್ದರು. ಅಲ್ಲಿ ಕೂತು ಸಮಾಸ, ಸಂಧಿ ಹೇಳುವುದರಲ್ಲಿ ಏನಿದೆ ಎನಿಸಿ, ನಾನಾಗಿ ಕೇಳಿಕೊಂಡು ಒಂದನೆಯ ತರಗತಿಗೆ ಇಳಿದೆ. ಬಿ.ಎ., ಬಿ.ಎಡ್. ಮಾಡಿ ಅ ಆ ತಿದ್ದಿಸುವುದೇ ಎಂದು ಜೊತೆಯವರು ಆಡಿಕೊಂಡರು.

ಅಲ್ಲಿ ನನ್ನ ಕಣ್ಣು ತೆರೆಸಿದ್ದು ನಲಿ-ಕಲಿಯ ಅಕ್ಷರ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಅದು, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಬಯ್ಯುವಂಥದ್ದು ನನಗೆ ಬೇಕಾದಷ್ಟಿದೆ. ಮೂರು ತರಗತಿ ಒಂದೇ ಕೋಣೆಯಲ್ಲಿ, ಏಣಿ, ಕಾರ್ಡು, ತಟ್ಟೆ ಎಂದು ಮೇಷ್ಟ್ರು ಸುಸ್ತಾಗುವುದು, ಇತ್ಯಾದಿ. ಆದರೆ ವರ್ಣಮಾಲೆಯ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಬರೆಯಲು ಸುಲಭವಾದ ಐದು ಅಕ್ಷರಗಳಿಂದ ಆರಂಭಿಸುವುದಿದೆಯಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಐದೇ ಅಕ್ಷರ. ರಸ, ಸರ, ದರ, ಅರಸ, ಅಗಸ, ಅದರ, ಗದಗ, ಗರಗಸ! ಗದಗ ಎಂಬ ಊರಿದೆ ಎಂದು ಭೂಪಟದಲ್ಲಿ ತೋರಿಸಿದಾಗ, ತಾವೇ ಓದಿದ ಊರು ನಿಜವಾಗಿ ಇದೆ ಎಂದು ಮಕ್ಕಳು ಕುಣಿದಾಡುತ್ತವೆ. ಐದು ಮಿಂಚುಪಟ್ಟಿ ಉರು ಹೊಡೆದ ಮಗುವಿಗೆ ಬರುವುದು ಐದು ಪದ.

ಕನ್ನಡ ಸುಲಭ, ಆರು ತಿಂಗಳಿಗೆ ಬಂದುಬಿಡುತ್ತದೆ ಎಂದು ನಾನೇನೂ ಹೇಳುತ್ತಿಲ್ಲ. 34 ವ್ಯಂಜನ, ಒಂದೊಂದಕ್ಕೂ ಹನ್ನೆರಡು ಹದಿಮೂರು ಗುಣಿತ, ಆಮೇಲೆ ಒತ್ತಕ್ಷರ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳೆಲ್ಲ ಕೈವಶವಾಗುವ ಕೆಲಸ ನಾಲ್ಕನೆಯ ತರಗತಿಯಲ್ಲೂ ಮುಗಿದಿರುವುದಿಲ್ಲ ಎಂದು ತೋರಿಸಿದ್ದಾರೆ. ತರಗತಿಯಲ್ಲಿ ನಾವು ಕಾಣುವುದೂ ಅದನ್ನೇ. ಈ ಉದ್ದ ದಾರಿಯನ್ನು ಕಂಡು ಹೆದರಿದವರೇ ಮಿಂಚುಪಟ್ಟಿಯ ಅಡ್ಡದಾರಿ ಹಿಡಿಯುವುದು. ಆದರೆ ಉದ್ದವಾದರೂ ಇದು ಮೋಸವಿಲ್ಲದ ದಾರಿ. ಒಂದು ಕೊಂಬು ಅರ್ಥವಾದರೆ ಉಳಿದ ಅಕ್ಷರಗಳೂ ಅದೇ ಕೊಂಬು ಹೊತ್ತು ನಿಲ್ಲುತ್ತವೆ. ಮೊ, ಯೊ ಎಂಬಂಥ ಕೆಲವು ಹಟಮಾರಿಗಳು, ಮೂಲ ಅಕ್ಷರವನ್ನು ಹೋಲದ ತ, ನ, ಮ, ಯ, ರ, ಲ ಒತ್ತುಗಳು, ಬಲಗಡೆ ಕೂತು ಮುಂಚೆ ಉಚ್ಚಾರವಾಗುವ ಅರ್ಕಾವತ್ತು. ನೋಡಿ ನೆನಪಿಟ್ಟುಕೊಳ್ಳಲೇಬೇಕಾದ್ದು ನಮ್ಮಲ್ಲೇನಾದರೂ ಇದ್ದರೆ ಇಷ್ಟೇ. ಪಟ್ಟಿ ಮಾಡುವವರು ಇವಕ್ಕೆ ಮಾಡಲಿ, ಬೇಡ ಎನ್ನುವುದಿಲ್ಲ. ಮೊದಲ ವಾರ ಮಗುವಿನ ಹೆಸರನ್ನು ರಟ್ಟಿನ ಮೇಲೆ ಬರೆದು ನಾನೂ ಗುರುತು ಹಿಡಿಸುತ್ತೇನೆ; ತನ್ನ ಹೆಸರು ಬರಹದಲ್ಲಿ ಇದೆ ಎಂಬ ಸಂತೋಷ ಬೇಕು. ಮೂರನೆಯ ವಾರ ಆ ಹೆಸರನ್ನೇ ಬಿಚ್ಚುತ್ತೇವೆ.

ಮನೆಮಾತು ಕನ್ನಡವಲ್ಲದ ಮಕ್ಕಳ ಗತಿಯೇನು ಎಂದು ತರಬೇತಿಯಲ್ಲಿ ಒಬ್ಬರು ನನ್ನನ್ನು ಕೇಳಿದರು. ನಮ್ಮ ತರಗತಿಯಲ್ಲಿ ನೇಕಾರರ ಮನೆಯ ತೆಲುಗು ಮಕ್ಕಳಿದ್ದಾರೆ, ಉರ್ದುವಿನವರಿದ್ದಾರೆ, ಕಾರ್ಖಾನೆ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರ ಮಕ್ಕಳಿದ್ದಾರೆ. ಅವರಿಗಂತೂ ಚಿತ್ರದಂತೆ ಪದ ತೋರಿಸುವುದು ಎರಡು ಪಟ್ಟು ಅನ್ಯಾಯ. ಪದದ ಅರ್ಥವೂ ಗೊತ್ತಿಲ್ಲ, ಬಿಡಿಸುವ ದಾರಿಯೂ ಇಲ್ಲ. ಅವರಿಗೆ ಮೊದಲು ಬೇಕಾದ್ದು ಮಾತು, ಕಥೆ, ಆಟ, ಹಾಡು, ಜೊತೆಜೊತೆಗೆ ಅಕ್ಷರ. ಒಡಿಶಾದ ಒಬ್ಬ ಹುಡುಗಿ ಅರ್ಥ ತಿಳಿಯದೆಯೇ ‘ಗರಗಸ’ ಎಂದು ಓದಿ, "ಗರಗಸ ಕ್ಯಾ ಹೈ?" ಎಂದು ಪಕ್ಕದವಳನ್ನು ಕೇಳಿದಳು. ಓದಿದ್ದರಿಂದಲೇ ಕೇಳಲು ಸಾಧ್ಯವಾಯಿತು.

ಅಡ್ಡದಾರಿಗೆ ಇನ್ನೊಂದು ಕಾರಣವೂ ಇದೆ, ಗಡಿಯಾರ. 2021ರಲ್ಲಿ ನಿಪುಣ ಭಾರತ ಯೋಜನೆ ಬಂತು. 2022ರಲ್ಲಿ ಎನ್‌ಸಿಇಆರ್‌ಟಿ ಮೂರನೆಯ ತರಗತಿಯ ಮಕ್ಕಳು ನಿಮಿಷಕ್ಕೆ ಎಷ್ಟು ಪದ ಓದುತ್ತಾರೆಂದು ದೇಶದ ತುಂಬ ಅಳೆಯಿತು. ಅಳೆಯುವುದು ತಪ್ಪಲ್ಲ, ಆರನೆಯ ತರಗತಿಗೆ ಬಂದ ಮೇಲೆ ಎದೆ ಬಡಿದುಕೊಳ್ಳುವುದಕ್ಕಿಂತ ಮೂರರಲ್ಲೇ ತಿಳಿಯುವುದು ಒಳ್ಳೆಯದು. ಆದರೆ ಮೇಲೆ ಅಂಕಿ ಕೇಳಿದರೆ ಕೆಳಗೆ ನಾವು ಅಂಕಿಯನ್ನೇ ಬೆಳೆಯುತ್ತೇವೆ. ಪಟ್ಟಿ ಉರು ಹೊಡೆಸಿದರೆ ನಿಮಿಷದ ಲೆಕ್ಕ ಬೇಗ ಏರುತ್ತದೆ ಎಂದು ಸಭೆಯಲ್ಲೇ ಒಬ್ಬರು ಹೇಳಿಕೊಟ್ಟರು. ನಾನು ಎದ್ದು ನಿಂತು ಆ ಹುಡುಗನ ಮಾತು ಹೇಳಿದೆ. ಸಭೆ ನಕ್ಕಿತು, ಚಹಾ ಬಂತು.

ಹುಡುಗನಿಗೆ ಮೊದಲಿನಿಂದ ಕಲಿಸಿದೆ. ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೆಪಡುತ್ತಾನೆಂದು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತಿದ್ದೆ. ಮಗ್ಗದ ಸದ್ದು ಕೇಳುತ್ತ ಬೆಳೆದವನು, ಅಕ್ಷರ ಕೂಡಿಸುವುದನ್ನು ಲಯವಾಗಿಯೇ ಮಾಡುತ್ತಿದ್ದ. ಮಾರ್ಚಿಗೆ ಕನ್ನಡದ ಸರಳ ಪುಟ ತಡೆತಡೆದು ಓದಿದ. ತಾಯಿ ಬಂದು ಕೇಳಿಸಿಕೊಂಡು, "ಮೊದ್ಲು ಪಟಪಟ ಅಂತಿದ್ದ, ಈಗ ನಿಧಾನ ಆಗ್ಬಿಟ್ಟವ್ನೆ" ಎಂದು ಮುಖ ಚಿಕ್ಕದು ಮಾಡಿಕೊಂಡಳು. ಆ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಅಲ್ಲೇ ಇದ್ದ ದಿನಪತ್ರಿಕೆಯನ್ನು ಅವಳ ಕೈಗೇ ಕೊಟ್ಟು, ಎಲ್ಲಿ ಬೇಕಾದರೂ ಬೆರಳಿಡಮ್ಮ ಎಂದೆ. ಇಟ್ಟಳು. ಹುಡುಗ ತಿಣುಕಿ ತಿಣುಕಿ ಓದಿದ. ಇನ್ನೊಂದು ಕಡೆ ಇಟ್ಟಳು. ಹೀಗೆ ನಾಲ್ಕೈದು ಸಲ. ಆಮೇಲೆ ಪತ್ರಿಕೆಯನ್ನು ಮಡಿಚಿ, "ಇದನ್ನ ತಗೊಂಡೋಗ್ಲಾ ಮಿಸ್ಸೋರೆ, ಅವರಪ್ಪಂಗೆ ತೋರಿಸ್ಬೇಕು" ಎಂದಳು.

ದಾನದ ಪೆಟ್ಟಿಗೆಯದ್ದೊಂದು ಬಾಕಿ ಇದೆ. ರಟ್ಟು ಬಹಳ ಚೆನ್ನಾಗಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಒಂದು ಶನಿವಾರ ಕತ್ತರಿ ಹಿಡಿದು ಕೂತು ನೂರನ್ನೂ ಅಕ್ಷರ ಅಕ್ಷರವಾಗಿ ಕತ್ತರಿಸಿದೆ. ‘ಮತ್ತು’ ಎಂಬುದರಿಂದ ಒಂದು ಮ ಸಿಕ್ಕಿತು, ಒಂದು ತ್ತು ಸಿಕ್ಕಿತು. ‘ಇಂದ’ ಕೂಡ ಪ್ರಯೋಜನಕ್ಕೆ ಬಂತು. ಮಕ್ಕಳು ಈಗ ಅವನ್ನು ನೆಲದ ಮೇಲೆ ಹರಡಿಕೊಂಡು ತಮಗೆ ಬೇಕಾದ ಪದ ಕೂಡಿಸುತ್ತವೆ. ಬೈಗುಳಗಳನ್ನೂ ಕೂಡಿಸುತ್ತವೆ, ನಾನು ಕಂಡೂ ಕಾಣದಂತಿರುತ್ತೇನೆ. ನಮ್ಮ ಮುಖ್ಯೋಪಾಧ್ಯಾಯರಿಗೆ ಮಾತ್ರ ಚಿಂತೆ. ದಾಸ್ತಾನು ಪುಸ್ತಕದಲ್ಲಿ ‘ಮಿಂಚುಪಟ್ಟಿ 100’ ಎಂದು ದಾಖಲಾಗಿದೆ, ತಪಾಸಣೆಗೆ ಬಂದವರು ಎಣಿಸಿದರೆ ಇನ್ನೂರ ಎಪ್ಪತ್ತು ಚಿಲ್ಲರೆ ತುಂಡುಗಳಿವೆ. ಹೆಚ್ಚಾಗಿರುವುದನ್ನು ಯಾವ ಕಾಲಮ್ಮಿನಲ್ಲಿ ತೋರಿಸುವುದೆಂದು ನಾವಿಬ್ಬರೂ ಇನ್ನೂ ಯೋಚಿಸುತ್ತಿದ್ದೇವೆ.